ಹಾರಕ್ಕಿಂತ ಮೊದಲು ಕೊಡ

ಸಿರುಗುಪ್ಪದಿಂದ ಕುರುಗೋಡಿನ ಕಡೆಗೆ ಬರುವಾಗ ಕಾಲುವೆಯ ಪಕ್ಕದಲ್ಲಿ ಒಂದು ಊರು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ, ನೀವು "ಸದ್ಯ, ನಮ್ಮೂರಲ್ಲ" ಎಂದು ಆರಾಮಾಗಿ ಕೂರುತ್ತೀರಿ. ಎರಡೂ ಬೇಡ. ನಿಮ್ಮೂರೇ ಎಂದುಕೊಳ್ಳಿ.

ಆ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಶುದ್ಧ ಕುಡಿಯುವ ನೀರಿನ ಘಟಕವಿದೆ. ಜನ ಕರೆಯುವುದು ಫಿಲ್ಟರ್ ಎಂದು. ಆ ಭಾಗದ ಶಾಸಕ ಜಂಬುನಾಥಪ್ಪನವರು ಸರ್ಕಾರದಲ್ಲಿ ಓಡಾಡಿ, ಇಲಾಖೆಯವರ ಬೆನ್ನು ಹತ್ತಿ ತಂದದ್ದು. ಸುಳ್ಳೇಕೆ ಹೇಳಬೇಕು, ಕೆಲಸ ಮಾಡುವ ಮನುಷ್ಯ. ಶಾಲೆಗೆ ಕೋಣೆ ಕಟ್ಟಿಸಿದರು, ಸಂಜೆಯ ಬಸ್ ಬಿಡಿಸಿದರು. ರಿಬ್ಬನ್ ಕತ್ತರಿಸಿದ ದಿನ ಫಿಲ್ಟರಿನಲ್ಲಿ ಒಳ್ಳೆಯ ನೀರು ಬಂತು. ಬೇಸಿಗೆ ಹತ್ತಿರವಾಗುವಷ್ಟರಲ್ಲಿ ಮಷಿನ್ ಕೆಟ್ಟಿತು. ಅಂದಿನಿಂದ ಬಾಗಿಲಿಗೆ ಬೀಗ, ಊರಿಗೆ ಮತ್ತೆ ಕೆರೆಯ ನೀರೇ ಗತಿ.

ಬೀಗದ ಕೈ ಇದ್ದದ್ದು ಎರ್ರಣ್ಣನ ಬಳಿ. ಊರಿನ ಹಿರಿಯ, ಒಳ್ಳೆಯವ, ಆದರೆ ಸನ್ಮಾನದ ಹುಚ್ಚು ಬಹಳ. ಊರಿಗೆ ಯಾರೇ ಬರಲಿ, ಹಾರ, ಶಾಲು, ಪೇಟ ತರಿಸುವುದು ಅವನೇ. ಫಿಲ್ಟರಿಗೆ ಬೀಗ ಬಿದ್ದ ಮೇಲೊಮ್ಮೆ ಸಮುದಾಯ ಭವನದ ಭೂಮಿಪೂಜೆಗೆ ಬಂದಾಗ ಶಾಸಕರು ವೇದಿಕೆಯಿಂದ ಕೇಳಿದ್ದರು: "ಫಿಲ್ಟರ್ ನೀರು ಬರ್ತೈತೇನ್ರಪಾ?"

"ಬರ್ತೈತ್ರೀ!" ಎಂದು ಇಡೀ ಊರು ಕೂಗಿತು. ಎರ್ರಣ್ಣನ ದನಿಯೇ ಎಲ್ಲರಿಗಿಂತ ಮೇಲೆ. ಮನೆಗೆ ಬಂದವರ ಮುಂದೆ ಇಲ್ಲ ಎನ್ನುವುದು ಆ ಊರಿಗೆ ಗೊತ್ತೇ ಇಲ್ಲ. ಅದನ್ನು ಅವರು ಮರ್ಯಾದೆ ಎನ್ನುತ್ತಾರೆ. ನಾನು ಪೆದ್ದುತನ ಎನ್ನುತ್ತೇನೆ.

ಈ ಮರ್ಯಾದೆಯ ಪೆಟ್ಟು ಕೊನೆಗೆ ಬಿದ್ದದ್ದು ಎರ್ರಣ್ಣನ ಮನೆಗೇ. ಮೊಮ್ಮಗಳು ಶಾಂಭವಿಗೆ ವಾಂತಿ ಭೇದಿ ಹತ್ತಿತು. ಮಗು ಕಣ್ಣು ಬಿಡದಂತಾದಾಗ ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ನೀರಿನಿಂದಲೇ ಆದದ್ದು, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ಹೇಗೋ ಮಗು ಉಳಿಯಿತು. ಸೊಸೆ ಪೂಜಿತಾ ಮಗಳನ್ನು ಕಂಕುಳಲ್ಲಿ ಹೊತ್ತು ಊರಿಗೆ ಬಂದು ಇಳಿದಳು. ನೋಡಿದರೆ ಫಿಲ್ಟರಿನ ಬಾಗಿಲು ತೆರೆದಿದೆ, ಮುಂದೆ ನೀರಿನ ಟ್ಯಾಂಕರ್ ನಿಂತಿದೆ.

"ಏನ್ ಮಾವ ಇದು?" ಎಂದಳು.

ಎರ್ರಣ್ಣ ಖುಷಿಯಲ್ಲಿದ್ದ. "ನಾಳಿಗೆ ಸಾಹೇಬ್ರು ಬರ್ತಾರವ್ವಾ. ಊರೂರಿನ ಫಿಲ್ಟರ್ ನೋಡ್ಕೊಂತ ಹೊಂಟಾರಂತ. ಸಿರುಗುಪ್ಪದಿಂದ ಟ್ಯಾಂಕರ್ ತರ್ಸೀನಿ. ಒಳಗಿನ ಸಣ್ಣ ತೊಟ್ಟಿ ತುಂಬ್ಸಿದ್ರ ಆತು. ಅವ್ರು ನಳ ತಿರುವಿದ ಕೂಡ್ಲೆ ನೀರು ಬೀಳಬೇಕು ನೋಡು!"

"ಅವ್ರು ಹೋದಮ್ಯಾಲ?"

"ಹೋದಮ್ಯಾಲಿಂದು ಆಮ್ಯಾಲ ನೋಡೋಣ. ಮನಿಗೆ ಬಂದ ಬೀಗರಿಗೆ ಹರಕ ಚಾಪಿ ಹಾಸ್ತಾರೇನು?"

"ಅವ್ರು ಬೀಗರಲ್ಲ ಮಾವ. ನಾವು ವೋಟು ಹಾಕಿ ಕೆಲಸಕ್ಕ ಇಟ್ಟೋರು."

ಎರ್ರಣ್ಣನ ಮುಖ ಗಂಟಾಯಿತು. "ಇಷ್ಟು ಮಾಡಿ ಕೊಟ್ಟೋರ ಮುಂದ ಕೆಟ್ಟೈತಿ ಅಂತ ಹೆಂಗ ಹೇಳೋದು? ಉಪಕಾರ ಮರೆತಂಗ ಆಗ್ತೈತಿ. ಸುಮ್ಕಿರು."

ಹೀಗೆ ಮಾತಾಡುತ್ತಲೇ ಇಬ್ಬರೂ ಮನೆ ಮುಟ್ಟಿದರು. ಕಟ್ಟೆಯ ಮೇಲೆ ಅತ್ತೆ ಊರಮ್ಮ ಕೂತಿದ್ದಳು. ಮಗುವನ್ನು ನೋಡಿಹೋಗಲು ಆಶಾ ಕಾರ್ಯಕರ್ತೆ ಕೊಟ್ರಬಸಮ್ಮನೂ ಬಂದಿದ್ದಳು. ಎರ್ರಣ್ಣನ ಮಾತು ಕೇಳಿ ಕೊಟ್ರಬಸಮ್ಮ ಸುಮ್ಮನಿರಲಿಲ್ಲ.

"ಎರ್ರಣ್ಣ ಮಾವ, ಅವ್ರು ಬರೋದು ಯಾಕ ಗೊತ್ತೇನು? ಯಾವ್ಯಾವ ಊರಾಗ ಕೆಟ್ಟು ನಿಂತಾವ, ಅವನ್ನ ರಿಪೇರಿ ಮಾಡ್ಸಾಕ. ಚಲೋ ನಡದೈತಿ ಅಂತ ನೀವ ತೋರ್ಸಿದ್ರ ಚಲೋ ಆತು ಅಂತ ಮುಂದ್ಲ ಊರಿಗೆ ಹೋಗ್ತಾರ. ರಿಪೇರಿನೂ ಅವರ ಹಿಂದ ಹೋಗ್ತೈತಿ. ಹೋದ ಸಲ 'ಬರ್ತೈತ್ರಿ' ಅಂತ ಒದರಿದ್ರಲ್ಲ, ಅದಕ್ಕ ಇವತ್ತಿನ ತನಕ ಯಾರೂ ಈ ಕಡಿ ಹಾದಿಲ್ಲ."

"ನಾ ಒಬ್ಬನ ಒದರಿದ್ನೇನು?" ಎಂದು ಗೊಣಗಿ ಎರ್ರಣ್ಣ ಹಾರ ಹೇಳಿ ಬರಲು ಹೊರಟ.

ಊರಮ್ಮ ಗಂಡ ಹೋದ ದಾರಿಯನ್ನೇ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು. "ಜಗಳ ಆಡೋದು ಬ್ಯಾಡ ಪೂಜಿತಾ. ಊರಾಗ ನೀರು ಬಂದೈತಿ ಅಂದ್ರ ನಾವೇನು ಮಾಡ್ತೀವಿ?"

"ಕೊಡ ತಗೊಂಡು ಹೋಗ್ತೀವಿ ಅತ್ತಿ."

"ಮತ್ತ? ನಾಳಿಗೂ ಹೋಗೋಣು. ನಮ್ಮ ಹೆಂಗಸರ ಸಂಘದಾಗ ಎಲ್ಲಾರಿಗೂ ಹೇಳ್ತೀನಿ."

ಮರುದಿನ ಶಾಸಕರು ಬಂದರು. ಫಿಲ್ಟರಿನ ಮುಂದೆ ಶಾಮಿಯಾನ, ಮೈಕು, ಹಾಡು. ಶಾಸಕರು ನಳ ತಿರುವಿದರು. ನೀರು ಧೋ ಎಂದು ಬಿತ್ತು. ಜನ ಚಪ್ಪಾಳೆ ತಟ್ಟಿದರು. ಅವರ ಮುಖ ಅರಳಿತು. ಪಾಪ, ಅವರು ಕಷ್ಟಪಟ್ಟು ತಂದದ್ದಲ್ಲವೇ? ಎರ್ರಣ್ಣ ಹಾರ ಹಿಡಿದು ಮುಂದೆ ಬಂದ.

ಅಷ್ಟರಲ್ಲಿ ಹೆಂಗಸರು ಬಂದರು. ಊರಮ್ಮ ಮುಂದೆ, ಪೂಜಿತಾ ಹಿಂದೆ, ಅವರ ಹಿಂದೆ ಇಡೀ ಸಂಘ. ಎಲ್ಲರ ಕೈಯಲ್ಲೂ ಕೊಡ.

"ನಳ ಬಂದ್ ಮಾಡಬ್ಯಾಡ್ರಿ ಸಾಹೇಬ್ರ," ಎಂದಳು ಪೂಜಿತಾ. "ನಿಮ್ಮ ಎದುರಿಗೇ ತುಂಬ್ಕೊಂಡು ಹೋಗ್ತೀವಿ."

"ತುಂಬ್ರಿ, ತುಂಬ್ರಿ! ನಿಮಗಾಗೇ ಮಾಡ್ಸಿದ್ದು," ಎಂದರು ಶಾಸಕರು.

ಒಂದು ಕೊಡ ತುಂಬಿತು, ಇನ್ನೊಂದು ತುಂಬಿತು. ಹಾರ ಹಿಡಿದ ಎರ್ರಣ್ಣ ನಿಂತಲ್ಲೇ ಬೆವೆತ. ಸಾಲು ಅರ್ಧವೂ ಕರಗಿರಲಿಲ್ಲ, ಧಾರೆ ಸಣ್ಣದಾಯಿತು. ನಳ ಬುಸ್ ಎಂದು ಗಾಳಿ ಬಿಟ್ಟು ನಿಂತೇಹೋಯಿತು.

"ಏನಾತು?" ಎಂದರು ಶಾಸಕರು.

ಹಿಂದಿನಿಂದ ಯಾರೋ ಹೇಳಿದರು: "ಕರೆಂಟ್ ಹೋಗೇತ್ರಿ ಸಾಹೇಬ್ರ."

ಶಾಮಿಯಾನದ ಫ್ಯಾನು ಗಿರ್ರೆಂದು ತಿರುಗುತ್ತಿತ್ತು. ಮೈಕಿನಲ್ಲಿ ಹಾಡು ಬರುತ್ತಿತ್ತು. ಶಾಸಕರು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಎರ್ರಣ್ಣನ ಕಡೆ ನೋಡಿದರು. "ಹೌದೇನೋ ಎರ್ರಣ್ಣ?"

ಹೌದು ಎಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು. ಕಾರು ಮುಂದಿನ ಊರಿಗೆ ಹೋಗುತ್ತಿತ್ತು. ಎರ್ರಣ್ಣ ತಲೆ ಎತ್ತಿದ. ಎದುರಿಗೆ ಪೂಜಿತಾ ಖಾಲಿ ಕೊಡ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಶಾಂಭವಿ. ಸೂಜಿ ಚುಚ್ಚಿದ ಆ ಪುಟ್ಟ ಕೈಗೆ ಆಸ್ಪತ್ರೆಯ ಪಟ್ಟಿ ಇನ್ನೂ ಅಂಟಿಕೊಂಡಿತ್ತು.

"ಕರೆಂಟ್ ಐತ್ರಿ," ಎಂದ. "ಮಷಿನ್ ಕೆಟ್ಟು ವರ್ಷ ಆಗಾಕ ಬಂತು. ಈ ನೀರು ಟ್ಯಾಂಕರಿಂದು. ನಾನ ತರ್ಸೀನಿ. ಹೋದ ಸಲ ಬರ್ತೈತಿ ಅಂತ ಒದರಿದೋನೂ ನಾನ."

ಶಾಸಕರ ಮುಖ ಕೆಂಪಾಯಿತು. "ನನಗ ಸುಳ್ಳು ಯಾಕ ತೋರ್ಸಿದಿ? ನಿಮ್ಮೂರ ಫಿಲ್ಟರ್ ಚಲೋ ನಡದೈತಿ ಅಂತ ನಾ ಬೆಂಗಳೂರಾಗ ಹೇಳಿ ಬಂದೀನಿ!"

ಪೂಜಿತಾ ಕೊಡ ಕೆಳಗಿಟ್ಟಳು. "ತಪ್ಪು ನಮ್ದೈತ್ರಿ, ನಿಮ್ದೂ ಐತಿ. ಬರೋದನ್ನ ಮೊದಲ ಹೇಳಿ ಕಳಿಸ್ತೀರಿ, ಊರು ಸಿಂಗಾರ ಆಗಿ ಕುಂದರತೈತಿ. ಹೋದ ಸಲ ವೇದಿಕಿ ಮ್ಯಾಲಿಂದ ಕೇಳಿದ್ರಿ, ಇಳಿದು ಬಂದು ನಳ ತಿರುವಿದ್ರೆ ಅವತ್ತ ಗೊತ್ತಾಗ್ತಿತ್ತು. ನೀವು ಮಾಡಿದ ಕೆಲಸ ನಾವು ಮರೆತಿಲ್ರಿ. ಆದ್ರ ನನ್ನ ಮಗಳು ರಿಬ್ಬನ್ ಕುಡಿಯಂಗಿಲ್ಲ, ನೀರು ಕುಡೀಬೇಕು."

ಶಾಸಕರು ಮಗುವಿನ ಕೈ ನೋಡಿದರು. ಆಮೇಲೆ ಜೊತೆಗೆ ಬಂದಿದ್ದ ಇಲಾಖೆಯ ಎಂಜಿನಿಯರನ್ನು ಹತ್ತಿರ ಕರೆದು ಮಷಿನ್ ಯಾವಾಗ ಸರಿಯಾಗುತ್ತದೆ ಎಂದು ಕೇಳಿದರು. ಎಂಜಿನಿಯರ್ ಕಿವಿಯಲ್ಲಿ ಏನೋ ಹೇಳಿದ.

"ಮೈಕಿನಾಗ ಹೇಳ್ರಿ," ಎಂದಳು ಊರಮ್ಮ. "ನಾವೂ ಕೇಳ್ತೀವಿ."

ಶಾಸಕರೇ ಮೈಕು ಹಿಡಿದು ಮುಂದಿನ ಅಮಾವಾಸ್ಯೆಯ ಒಳಗೆ ಎಂದರು. ಹಾರ ಎರ್ರಣ್ಣನ ಕೈಯಲ್ಲೇ ಉಳಿಯಿತು.

ಅಮಾವಾಸ್ಯೆ ಬಂತು, ಹೋಯಿತು. ಮಷಿನ್ ಬರಲಿಲ್ಲ. ಕಥೆ ಎಂದಮೇಲೆ ಮಾರನೆಯ ದಿನವೇ ನೀರು ಬರುತ್ತದೆ ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಸಂಘದವರು ಪಂಚಾಯಿತಿಗೆ ಅರ್ಜಿ ಕೊಟ್ಟು, ಮುಟ್ಟಿತು ಎಂದು ಸಹಿ ಹಾಕಿಸಿಕೊಂಡರು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದರು. ಸಿರುಗುಪ್ಪದ ತಾಲ್ಲೂಕು ಕಚೇರಿಗೆ ಹೋದರು. ಶಾಸಕರ ಕಚೇರಿಗೂ ಹೋಗಿ ಮೈಕಿನಲ್ಲಿ ಆಡಿದ ಮಾತು ನೆನಪಿಸಿದರು. ಅವರ ಜೊತೆ ಬಸ್ ಹತ್ತಿದ ಗಂಡಸರಲ್ಲಿ ಮೊದಲನೆಯವ ಎರ್ರಣ್ಣ. ಅಲ್ಲಿಯವರೆಗೆ ಕೊಟ್ರಬಸಮ್ಮ ಮನೆಮನೆಗೆ ಹೋಗಿ ನೀರು ಕುದಿಸಿ ಆರಿಸಿ ಕುಡಿಯಲು ಹೇಳಿದಳು. ಕೊನೆಗೆ ಹೊಸ ಮಷಿನ್ ಬಂತು. ಈಗ ನೀರು ಬರುತ್ತಿದೆ.

ಆಮೇಲೊಂದು ದಿನ ಶಾಸಕರು ಹೇಳದೆ ಕೇಳದೆ ಬಂದು ಫಿಲ್ಟರಿನ ಮುಂದೆ ಕಾರು ನಿಲ್ಲಿಸಿದರು. ಎರ್ರಣ್ಣನಿಗೆ ಕೈಕಾಲು ಆಡಲಿಲ್ಲ. ಹಾರವಿಲ್ಲ, ಶಾಲಿಲ್ಲ. ಲೋಟ ತೊಳೆದು, ನಳ ತಿರುವಿ, ನೀರು ಹಿಡಿದು ಕೊಟ್ಟ.

"ಕುಡೀರಿ ಸಾಹೇಬ್ರ. ಇದು ಟ್ಯಾಂಕರಿಂದಲ್ಲ, ನಮ್ಮೂರಿಂದು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮೂರಿಗೂ ಗೆದ್ದವರು ಬರುತ್ತಾರೆ. ಮಾಡಿದ ಕೆಲಸವನ್ನು ಒಳ್ಳೆಯದು ಎನ್ನಿ. ಆದರೆ ಕೆಟ್ಟದ್ದನ್ನು ಮುಚ್ಚಿಡಬೇಡಿ. ಬಸ್ಸು ಬರದಿದ್ದರೆ ಬರುತ್ತಿಲ್ಲ ಎನ್ನಿ. ಅಂಗನವಾಡಿ ಸೋರುತ್ತಿದ್ದರೆ ಒಳಗೆ ಕರೆದುಕೊಂಡು ಹೋಗಿ ತೋರಿಸಿ. ಗ್ರಾಮಸಭೆಗೆ ಹೋಗಿ ಕೇಳಿ. ಕೇಳುವುದು ಜಗಳವಲ್ಲ, ಉಪಕಾರ ಮರೆತಂತೆಯೂ ಅಲ್ಲ. ನಿಮ್ಮ ಮಗುವಿನ ನೀರು ಅದು. ಹಾರ ಎಲ್ಲೂ ಓಡಿಹೋಗುವುದಿಲ್ಲ. ಮೊದಲು ನಿಮ್ಮ ಕೊಡ ತುಂಬಲಿ.