ಗುರುವಾರದ ಅರ್ಧ ಕ್ಯಾರೆಟ್

ಹನ್ನೊಂದು ವರ್ಷ ನಮ್ಮ ಮನೆಯ ಜಗಲಿಯ ಮೇಲೆ ಊರಿನ ಅರವತ್ತು ಮನೆಗಳ ತರಕಾರಿ ಇಳಿದಿದೆ. ಗುರುವಾರ ಮೂರು ಗಂಟೆಗೆ ಆರಿನ್ ಥರ್ಲೊನ ಗಾಡಿ ಬಂದು ನಿಲ್ಲುತ್ತಿತ್ತು. ಅವನು ಮೊದಲ ಕಟ್ಟಿನಿಂದ ಒಂದು ಕ್ಯಾರೆಟ್ ಎಳೆದು, ಪ್ಯಾಂಟಿಗೆ ಒರೆಸಿ, ಲಟಕ್ಕನೆ ಮುರಿದು ಅರ್ಧ ನನ್ನ ಕೈಗಿಡುತ್ತಿದ್ದ. ನಾನು ಕಚ್ಚಿ ತಲೆಯಾಡಿಸಿದ ಮೇಲೇ ಬುಟ್ಟಿಗಳು ಕೆಳಗಿಳಿಯಬೇಕು. ಅವನು ಶಾಲೆಗೆ ಹೋಗುತ್ತಿದ್ದಾಗ ನಾನು ಅಲ್ಲಿ ಅಡುಗೆಯವಳು. ಆಗ ನಾನು ಬಡಿಸಿದ್ದನ್ನು ಅವನು ತಿನ್ನುತ್ತಿದ್ದ, ಈಗ ಅವನು ಬೆಳೆದದ್ದನ್ನು ನಾನು.

ನಮ್ಮದು ಪಾಲಿನ ಲೆಕ್ಕ. ಹೊರಗೆ ಹಿಮ ಬಿದ್ದಿರುವಾಗಲೇ ಮನೆಯವರು ವರ್ಷದ ಹಣ ಕೊಟ್ಟುಬಿಡುತ್ತಾರೆ, ಜೂನ್‌ನಿಂದ ವಾರಕ್ಕೊಂದು ಬುಟ್ಟಿ ಒಯ್ಯುತ್ತಾರೆ. ಬೆಳೆ ಬಂದರೆ ಬೆಳೆಯಲ್ಲಿ ಪಾಲು, ಆಲಿಕಲ್ಲು ಬಿದ್ದರೆ ನಷ್ಟದಲ್ಲೂ ಪಾಲು ಎಂದು ಕಾಗದದಲ್ಲಿ ಬರೆದಿರುತ್ತದೆ, ಎಲ್ಲರೂ ರುಜು ಹಾಕುತ್ತೇವೆ. ಊರವರನ್ನು ಹಿಡಿದು ಹಿಡಿದು ಸೇರಿಸಿದವಳು ನಾನೇ. ಅಂಗಡಿಯಲ್ಲಿ ಕ್ಯಾಲಿಫೋರ್ನಿಯಾದ ಸೊಪ್ಪು ಕೊಳ್ಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಮೂರು ಸಾವಿರ ಮೈಲಿ ಲಾರಿಯಲ್ಲಿ ಬಂದದ್ದು, ಸೊಪ್ಪಲ್ಲ ಅದು, ಡೀಸೆಲ್ ಎಂದು ಮುಖಕ್ಕೇ ಹೇಳುತ್ತಿದ್ದೆ. ಪ್ರತಿ ಬುಟ್ಟಿಗೂ ನನ್ನ ಕೈಬರಹದ ಚೀಟಿ ಇರುತ್ತಿತ್ತು: 'ಇದು ಬಂದದ್ದು ನಾಲ್ಕು ಮೈಲಿ. ಕೊಟ್ಟ ಡಾಲರು ಊರಲ್ಲೇ ಇದೆ.' ಸುಳ್ಳೇನಲ್ಲ. ಆರಿನ್‌ನಿಂದಾಗಿ ಊರಿನ ವೆಲ್ಡರನಿಗೆ ಕೆಲಸವಿತ್ತು, ಮುಚ್ಚಬೇಕಿದ್ದ ಮೇವಿನ ಅಂಗಡಿ ಮುಚ್ಚಲಿಲ್ಲ. ಮೇನ್ ರಾಜ್ಯದ ಈ ಮೂಲೆಯಲ್ಲಿ ಕಾಗದದ ಕಾರ್ಖಾನೆ ನಿಂತುಹೋದ ಮೇಲೆ ನಾವು ಹೆಮ್ಮೆ ಪಡಲು ಉಳಿದದ್ದು ಇದೊಂದೇ.

ಕಳೆದ ಚಳಿಗಾಲ ಗುಡ್ಡದ ಆಚೆಯ ಡೇರಿಯವರು ಹಾಲನ್ನೆಲ್ಲ ಮಣ್ಣಿಗೆ ಚೆಲ್ಲಿದರು. ಮೂವತ್ತು ವರ್ಷದ ಹಿಂದೆ ಅವರ ಹೊಲಕ್ಕೆ ಹರಡಿದ್ದ ಕರಿ ಕೆಸರಿನಲ್ಲಿ ವಿಷವಿತ್ತಂತೆ. ಅಂಟದ ಬಾಣಲೆ, ನೀರು ಹಿಡಿಯದ ಕೋಟು, ಜಿಡ್ಡು ಹೀರದ ಕಾಗದ, ಇವುಗಳಲ್ಲಿ ಇರುವಂಥದ್ದು. ಮಣ್ಣು ಸೇರಿದರೆ ಅದು ಸಾಯುವುದಿಲ್ಲ. ಸೊಪ್ಪಿಗೆ ಏರುತ್ತದೆ, ಅಲ್ಲಿಂದ ರಕ್ತಕ್ಕೆ. ಆ ಕಾಲದಲ್ಲಿ ಊರಿನ ಕೊಳಚೆ ನೀರಿನ ಘಟಕದವರು ಮನೆಗಳ, ಕಾರ್ಖಾನೆಯ ನೀರು ಸೋಸಿ ಉಳಿದ ಆ ಕೆಸರನ್ನು ಪುಕ್ಕಟೆ ಗೊಬ್ಬರವೆಂದು ಲಾರಿಯಲ್ಲಿ ತಂದು ಸುರಿಯುತ್ತಿದ್ದರು. ಆರಿನ್‌ನ ಅಪ್ಪ ಬೇಡ ಎನ್ನಲಿಲ್ಲ. ಊರು ಉಂಡದ್ದು ಊರಿನ ಹೊಲಕ್ಕೇ ಮರಳುತ್ತದೆ, ಎಂಥ ಚಂದ ಎಂದು ಎಲ್ಲರೂ ಮೆಚ್ಚಿದ್ದೆವು. ನಾನೂ ಮೆಚ್ಚಿದ್ದೆ.

ಏಪ್ರಿಲ್‌ನಲ್ಲಿ ಆರಿನ್ ನಮ್ಮ ಅಡುಗೆಮನೆಗೆ ಬಂದು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತ.

"ಮಣ್ಣು ಪರೀಕ್ಷೆಗೆ ಕಳಿಸೋಣ ಅಂತಿದೀನಿ, ಲೂಸೆಟ್."

"ಯಾರಾದ್ರೂ ಕಳಿಸು ಅಂದ್ರಾ?"

"ಯಾರೂ ಅಂದಿಲ್ಲ. ಕಾನೂನೂ ಕೇಳಲ್ಲ."

"ಮತ್ತೆ ಸುಮ್ನಿರೋಕೆ ನಿಂಗೇನು ರೋಗ? ನಿಮ್ಮಪ್ಪನ ಕಾಲದ ಕಥೆ ಅದು. ಕೆದಕಬೇಡ ಕಣೋ. ಕೆದಕಿದ್ರೆ ಹೊಲ ಹೋಗುತ್ತೆ, ನೀನೂ ಹೋಗ್ತೀಯ."

"ಮೊನ್ನೆ ಥೀಯಾ ಸಿಕ್ಕಿದ್ಲು. ನಿಮ್ಮ ಹೊಲಕ್ಕೂ ಆ ಕೆಸರು ಬಿದ್ದಿತ್ತಾ ಆರಿನ್ ಅಂತ ಕೇಳಿದ್ಲು. ಗೊತ್ತಿಲ್ಲ ಅಂದುಬಿಟ್ಟೆ. ಅವತ್ತಿಂದ ನಿದ್ದೆ ಬರ್ತಿಲ್ಲ ನಂಗೆ."

ಥೀಯಾ ನನ್ನ ಮಗಳು. ಎರಡು ಸಲ ಗರ್ಭ ನಿಲ್ಲದೆ, ಮೂರನೆಯ ಸಲ ಐದು ತಿಂಗಳಾಗಿತ್ತು.

"ಅವಳಿಗೆ ಎಲ್ಲದಕ್ಕೂ ಭಯ. ನಾನು ಹೇಳ್ತೀನಿ ಬಿಡು" ಎಂದೆ.

ಹೇಳಿಯೂ ಬಿಟ್ಟೆ. ಆರಿನ್‌ನ ಹೊಲಕ್ಕೆ ಅದು ಬಿದ್ದೇ ಇಲ್ಲ, ನಾನು ಬಲ್ಲೆ ಎಂದೆ. ಅವಳು ನಂಬಿದಳು, ತಾಯಿಯ ಮಾತು ನೋಡಿ. ಹೋದ ವರ್ಷ ಬೇಯಿಸಿ ಫ್ರೀಜರಿನಲ್ಲಿಟ್ಟಿದ್ದ ಅವನ ಪಾಲಕ್ಕನ್ನು ವಾರ ವಾರ ಅವಳ ಮನೆಗೆ ಮುಟ್ಟಿಸಿದೆ. ಬಸುರಿಗೆ ಸೊಪ್ಪು ಒಳ್ಳೆಯದಲ್ಲವೇ.

ಆರಿನ್ ನನ್ನ ಮಾತು ಕೇಳಲಿಲ್ಲ. ಮಣ್ಣು ಕಳಿಸಿದ. ಫಲಿತಾಂಶ ಬರುತ್ತದೆ ಎಂದಿದ್ದ ಗುರುವಾರವೇ ವರ್ಷದ ಮೊದಲ ಬುಟ್ಟಿಯ ದಿನ. ಅವನು ಬೆಳಿಗ್ಗೆಯೇ ಕಿತ್ತು, ತೊಳೆದು, ಗಾಡಿ ತುಂಬಿಸಿದ್ದ. ಒಳ್ಳೆಯ ಸುದ್ದಿ ಬಂದೇ ಬರುತ್ತದೆಂದು ನಂಬಿದವನು ಮಾತ್ರ ಹಾಗೆ ಮಾಡುತ್ತಾನೆ. ಫೋನ್ ಬಂದದ್ದು ಮಧ್ಯಾಹ್ನ.

ಮೂರು ಗಂಟೆಗೆ ಜನ ಚೀಲ ಹಿಡಿದು ಜಗಲಿಯ ಕೆಳಗೆ ನಿಂತಿದ್ದರು. ಆರಿನ್ ಗಾಡಿಯಿಂದ ಇಳಿದ, ಹಿಂದಿನ ಬಾಗಿಲು ತೆಗೆಯಲಿಲ್ಲ.

"ಇವತ್ತು ಬುಟ್ಟಿ ಇಲ್ಲ. ಇನ್ಮೇಲೂ ಇರಲ್ಲ. ಡೇರಿಯವ್ರ ಹೊಲಕ್ಕಿಂತ ನಮ್ಮದ್ರಲ್ಲೇ ಜಾಸ್ತಿ ಇದೆಯಂತೆ. ನೀವೆಲ್ಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಹಣ ವಾಪಸ್ ಕೊಡ್ತೀನಿ, ಸ್ವಲ್ಪ ಟೈಮ್ ಕೊಡಿ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಷ್ಟದಲ್ಲೂ ಪಾಲು ಅಂತ ರುಜು ಹಾಕಿದ್ವಲ್ಲಯ್ಯ, ಇನ್ನೆಂಥ ವಾಪಸ್ಸು" ಎಂದ ಮುದುಕ ರಾಸ್ಕೊ. ವೆಲ್ಡರ್ ಅವನೇ. "ಮನೇಲಿ ಡಬ್ಬ ತುಂಬ ನಿನ್ನ ಟೊಮೇಟೊ ಇದೆ. ಏನ್ಮಾಡ್ಲಿ? ಗೊಬ್ಬರದ ಗುಂಡಿಗಾ?"

"ಬೇಡ. ಮತ್ತೆ ಮಣ್ಣಿಗೇ ಹೋಗುತ್ತೆ."

"ಕಸದ ಗಾಡಿಗೆ ಹಾಕ್ಲಾ?"

"ಕಸದ ರಾಶಿಯಿಂದ ಸೋರಿದ ನೀರು ಎಲ್ಲಿಗೆ ಹೋಗುತ್ತೆ ಹೇಳು? ಅದೇ ಕೊಳಚೆ ಘಟಕಕ್ಕೆ."

ರಾಸ್ಕೊ ತನ್ನ ಖಾಲಿ ಚೀಲವನ್ನು ಮಡಚಿದ, ಮತ್ತೆ ಮಡಚಿದ.

ಆಗ ಗುಂಪಿನ ಹಿಂದಿನಿಂದ ಥೀಯಾ ಮುಂದೆ ಬಂದಳು. ಏಳು ತಿಂಗಳ ಹೊಟ್ಟೆ. ಅವಳು ನನ್ನ ಕಡೆ ನೋಡಲಿಲ್ಲ.

"ಆರಿನ್, ನಿಮ್ಮ ಹೊಲಕ್ಕೆ ಅದು ಬಿದ್ದಿತ್ತು ಅಂತ ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಅವ್ರಿಗೆ ಹೇಳಿರ್ಲಿಲ್ಲ ನಾನು" ಎಂದ ಆರಿನ್.

ಅವನು ಕೊಟ್ಟ ಆ ಸುಳ್ಳನ್ನು ಹಿಡಿದುಕೊಂಡು ನಾನು ಬದುಕಿಬಿಡಬಹುದಿತ್ತು. ಆದರೆ ಅದೊಂದು ದಿನ ಅವನ ಕೈಯಿಂದ ಏನನ್ನೂ ತೆಗೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ.

"ಗೊತ್ತಿತ್ತು ಥೀಯಾ. ಪರೀಕ್ಷೆ ಬೇಡ ಅಂದವಳೂ ನಾನೇ."

ಅವಳು ಹೊಟ್ಟೆಯ ಕೆಳಗೆ ಎರಡೂ ಕೈಯಿಟ್ಟುಕೊಂಡು ಕಾರಿನ ಕಡೆ ನಡೆದಳು. ಹತ್ತಿ ಹೋದಳು. ಉಳಿದವರೂ ಒಬ್ಬೊಬ್ಬರಾಗಿ ಹೋದರು.

ಆರಿನ್ ಗಾಡಿಯ ಹಿಂದಿನ ಬಾಗಿಲು ತೆಗೆದು ಬುಟ್ಟಿಗಳನ್ನು ನೋಡುತ್ತಾ ನಿಂತ. ಎಲ್ಲವೂ ಹಸಿರಾಗಿ, ತೊಳೆದು, ತಾಜಾ ಇದ್ದವು. ಅವನ ಕೈ ತಾನೇ ತಾನಾಗಿ ಒಂದು ಕ್ಯಾರೆಟ್ ಎಳೆಯಿತು, ಪ್ಯಾಂಟಿಗೆ ಒರೆಸಿತು, ಮುರಿಯಿತು. ನಾನೂ ಅಭ್ಯಾಸಬಲದಿಂದ ಕೈ ಚಾಚಿದೆ. ಅರವತ್ತೇಳು ವರ್ಷದವಳು ನಾನು, ಆ ಒಂದು ತುಂಡು ನನ್ನನ್ನು ಏನೂ ಮಾಡುತ್ತಿರಲಿಲ್ಲ.

ಅವನು ತನ್ನ ಅರ್ಧವನ್ನು ಅಗಿದು ನುಂಗಿದ. ನನ್ನ ಅರ್ಧವನ್ನು ಜೇಬಿಗೆ ಹಾಕಿಕೊಂಡ.

"ನಿಮಗೆ ಬೇಡ ಲೂಸೆಟ್" ಎಂದ. "ಗೊತ್ತಿದ್ದೂ ಹೆಂಗೆ ಕೊಡ್ಲಿ?"