ದೋಣಿಯಲ್ಲಿ ನಾಲ್ವರು

ಗಂಡನನ್ನು ಎದುರಿಗೆ ಹೆಸರು ಹಿಡಿದು ಕರೆದವಳಲ್ಲ ನಾನು. ಇಲ್ಲಿ ಮಾತ್ರ ದಿನಕರ ಎಂದೇ ಬರೆಯುತ್ತೇನೆ, ಏಕವಚನದಲ್ಲೇ ಬರೆಯುತ್ತೇನೆ. ಅಷ್ಟು ಸಿಟ್ಟು ಇನ್ನೂ ಉಳಿದಿದೆ. ಅದರಲ್ಲಿ ಅರ್ಧ ನನ್ನ ಮೇಲಿನದು.

ದಿನಕರ ಕುಮಟಾದ ಒಂದು ಕಾಲೇಜಿನಲ್ಲಿ ಲ್ಯಾಬ್ ಅಸಿಸ್ಟೆಂಟ್. ಆ ಕೆಲಸ ಹೊಟ್ಟೆಪಾಡಿಗೆ, ಜೀವವೆಲ್ಲ ಕ್ಯಾಮೆರಾದಲ್ಲಿ. ನಮ್ಮ ಮನೆ ಹೊನ್ನಾವರದ ಆಚೆ ದಡ, ಕಾಸರಕೋಡಿನಲ್ಲಿ. ಐದು ನಿಮಿಷ ನಡೆದರೆ ಶರಾವತಿ ಕಡಲು ಸೇರುವ ಅಳಿವೆ. ಅವನ ಅಪ್ಪ, ಅಜ್ಜ ಎಲ್ಲ ಆ ಅಳಿವೆ ದಾಟಿ ಮೀನು ಹಿಡಿದವರು. ಇವನಿಗೆ ದೋಣಿ ಹತ್ತಿದರೆ ವಾಂತಿ. ಹಾಗಾಗಿ ಶನಿವಾರ, ಭಾನುವಾರ ಬೆಳಗಾಗುವ ಹೊತ್ತಿಗೆ ಉದ್ದ ಲೆನ್ಸು ಹಿಡಿದು ದಡದಲ್ಲಿ ನಿಲ್ಲುತ್ತಿದ್ದ.

ಅವನದೊಂದು ನಿಯಮವಿತ್ತು. ಯಾರೂ ಕ್ಯಾಮೆರಾ ನೋಡಬಾರದು. ನೋಡಿದ ಕೂಡಲೇ ಮನುಷ್ಯ ಸುಳ್ಳಾಗುತ್ತಾನೆ ಎನ್ನುತ್ತಿದ್ದ. ನಮ್ಮ ಮಗಳ ನಾಮಕರಣದ ದಿನ ತೊಟ್ಟಿಲು ಹಿಡಿದ ಕೈಗಳನ್ನು ಮಾತ್ರ ತೆಗೆದ. ಅತ್ತೆ ದುರ್ಗಮ್ಮನ ಒಡೆದ ಹಿಮ್ಮಡಿ ತೆಗೆದು ಎಲ್ಲಿಂದಲೋ ಸರ್ಟಿಫಿಕೇಟು ತರಿಸಿಕೊಂಡ. ನನ್ನ ಮುಖ ನಿನಗೆ ಎಂತ ಮಾಡಿತ್ತು ಎಂದು ಅತ್ತೆ ಕೇಳಿದ್ದರು. ಸಾವಿರಾರು ಫೋಟೋ ಇರುವ ಮನೆಯಲ್ಲಿ ನಮ್ಮ ಮುಖ ಇರುವುದು ಆಧಾರ್ ಕಾರ್ಡಿನಲ್ಲಿ ಮಾತ್ರ ಎಂದು ನಾನೂ ಗೇಲಿ ಮಾಡುತ್ತಿದ್ದೆ.

ಇನ್ನೊಂದು ನಿಯಮ ಅವನು ಚಿತ್ರ ಕಳಿಸುತ್ತಿದ್ದ ಸ್ಪರ್ಧೆಯವರದು. ಬೆಳಕು ಹೆಚ್ಚುಕಡಿಮೆ ಮಾಡಬಹುದು, ಚಿತ್ರದಲ್ಲಿದ್ದದ್ದನ್ನು ತೆಗೆಯುವ ಹಾಗಿಲ್ಲ, ಇಲ್ಲದ್ದನ್ನು ಸೇರಿಸುವ ಹಾಗಿಲ್ಲ. ಇದನ್ನು ಅವನು ಸದ್ದಿಲ್ಲದೆ ಮುರಿಯುತ್ತಿದ್ದ. ಮೊದಲು ನೀರಲ್ಲಿ ತೇಲುವ ಬಾಟಲಿ ಅಳಿಸಿದ, ಆಮೇಲೆ ಕರೆಂಟಿನ ತಂತಿ. ಅದಕ್ಕೆ ಅವನು ಇಟ್ಟ ಹೆಸರು ‘ಕ್ಲೀನ್ ಮಾಡುವುದು’.

ಕಳೆದ ಸೆಪ್ಟೆಂಬರಿನ ಒಂದು ಶನಿವಾರ. ನಾನು ಬಂಗಡೆ ಕೊಯ್ಯುತ್ತ ಕೂತಿದ್ದೆ. ದಿನಕರ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಮ್ಮೆ ನೋಡು ಬಾ ಎಂದು ಕರೆದ. ಬೆಳಿಗ್ಗೆ ತೆಗೆದ ಚಿತ್ರ. ಅಳಿವೆಯ ಬಾಯಲ್ಲಿ ಒಂದು ಸಣ್ಣ ದೋಣಿ, ಎದುರಿಗೆ ಆಳೆತ್ತರದ ತೆರೆ, ಎಲ್ಲ ಬೂದು ಮತ್ತು ನೀಲಿ. ನಾಲ್ವರು ಬಗ್ಗಿ ಕೂತಿದ್ದರು. ಐದನೆಯವನು ಹಿಂಭಾಗದಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಅಂಗಿ.

ಚೆನ್ನಾಗಿದೆ ಎಂದು ಸುಮ್ಮನೆ ಹೋಗಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

“ಆ ಕಿತ್ತಳೆ ಅಂಗಿಯಂವ ಒಬ್ಬ ಇಲ್ದಿದ್ರೆ ಮಸ್ತ್ ಇತ್ತು” ಎಂದೆ.

ದಿನಕರ ನಕ್ಕ. ನಾನು ಮೀನು ತೊಳೆದು ಬರುವಷ್ಟರಲ್ಲಿ ಚಿತ್ರದಲ್ಲಿ ಆ ಐದನೆಯವನು ಇರಲಿಲ್ಲ. ಅವನು ನಿಂತಿದ್ದಲ್ಲಿ ನೀರಿತ್ತು, ನೀರಿಗೆ ನೊರೆಯೂ ಇತ್ತು. ದಿನಕರ ಚಿತ್ರಕ್ಕೆ ‘ನಾಲ್ವರು’ ಎಂದು ಹೆಸರಿಟ್ಟು ಫೇಸ್‌ಬುಕ್ಕಿಗೆ ಹಾಕಿದ. ಒಳ್ಳೆಯದೊಂದು ಸಿಕ್ಕಿದ ಮೇಲೆ ಉಳಿದವನ್ನೆಲ್ಲ ಅಳಿಸಿ ಮೆಮೊರಿ ಕಾರ್ಡು ಖಾಲಿ ಮಾಡುವುದು ಅವನ ಅಭ್ಯಾಸ. ಅದನ್ನೂ ಮಾಡಿದ.

ಸಂಜೆ ಆ ದೋಣಿ ಬರಲಿಲ್ಲ. ಮರುದಿನ ಬೆಳಿಗ್ಗೆ ಮಗುಚಿದ್ದು ಸಿಕ್ಕಿತು. ಭಾನುವಾರ ಎರಡು ಹೆಣ, ಮಂಗಳವಾರ ಎರಡು. ದೋಣಿಯ ಮಾಲೀಕ ಆ ಶನಿವಾರ ಬೆಳಿಗ್ಗೆ ದಡದಲ್ಲಿ ಇರಲಿಲ್ಲ; ನನ್ನ ಆಳು ನಾಲ್ಕೇ ಎಂದ. ಅಷ್ಟರಲ್ಲಿ ದಿನಕರನ ಚಿತ್ರ ಊರೆಲ್ಲ ಹರಿದಾಡಿತ್ತು. ಪೇಪರಿನವರು ಕೊನೆಯ ಯಾನ ಎಂದು ಬರೆದು ಛಾಯಾಚಿತ್ರಗಾರನ ಹೆಸರು ಹಾಕಿದ್ದರು. ಹುಡುಕುತ್ತಿದ್ದವರಲ್ಲಿ ಒಬ್ಬರು ನಮ್ಮ ಅಂಗಳಕ್ಕೆ ಬಂದು ಮೊಬೈಲಿನಲ್ಲಿ ಅದೇ ಚಿತ್ರ ತೋರಿಸಿ, ನಾಲ್ಕೇ ಜನ ಅಲ್ಲವೇ ಎಂದು ಕೇಳಿದರು.

“ಫೋಟೋದಲ್ಲಿ ಕಾಣ್ತದಲ್ಲ” ಎಂದ ದಿನಕರ.

ಹುಡುಕುವುದು ಅಂದೇ ನಿಂತಿತು. ಅವರು ಹೋದ ಮೇಲೆ ನಾನು ಐದನೆಯವನ ಮಾತೆತ್ತಿದೆ. ದಿನಕರ ನನ್ನ ಮುಖ ನೋಡಲಿಲ್ಲ. ಅಳಿವೆ ದಾಟುವ ಮೊದಲೇ ಅವನು ಬೇರೆ ದೋಣಿ ಹತ್ತಿರಬೇಕು ಎಂದ. ಹಾಗಿಲ್ಲದಿದ್ದರೆ ಅವನ ಮನೆಯವರು ಇಷ್ಟೊತ್ತಿಗೆ ಬಾಯಿ ಬಡಿದುಕೊಂಡು ಬರುತ್ತಿರಲಿಲ್ಲವೇ ಎಂದ. ಹೌದೆನ್ನಿಸಿತು. ಹೌದೆಂದುಕೊಳ್ಳುವುದು ನನಗೂ ಬೇಕಾಗಿತ್ತು.

ಆ ಮನೆಯವರು ನಾವೇ ಎಂದು ಗೊತ್ತಾಗಲು ಹತ್ತು ದಿನ ಬೇಕಾಯಿತು.

ದಿನಕರನ ತಂಗಿ ಸುಚಿತಾಳನ್ನು ಇದೇ ಊರಲ್ಲಿ ಕೊಟ್ಟಿದೆ. ಅವಳ ಗಂಡ ವಿಶಾಲ ಭಟ್ಕಳದ ಒಂದು ದೊಡ್ಡ ಬೋಟಿನಲ್ಲಿ ಕೆಲಸಕ್ಕಿದ್ದ. ಹೋದರೆ ಎಂಟು, ಹತ್ತು ದಿನ ಕಡಲಲ್ಲೇ, ಫೋನೂ ಸಿಗುವುದಿಲ್ಲ. ಆ ಶನಿವಾರದ ಹಿಂದಿನ ದಿನ ಗಂಡಹೆಂಡಿರಿಗೆ ಸಣ್ಣ ಜಗಳವಾಗಿತ್ತು. ಶನಿವಾರ ಬೆಳಕು ಹರಿಯುವ ಮೊದಲು ಅವನು ಚೀಲ ಹಿಡಿದು ಹೊರಬಿದ್ದ. ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳಬಾರದು; ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಸುಚಿತಾ ಜಗಳದ ಸಿಟ್ಟಿನಲ್ಲೂ ಆ ಪದ್ಧತಿ ಬಿಡಲಿಲ್ಲ, ಕೇಳಲಿಲ್ಲ. ಭಟ್ಕಳಕ್ಕೆ ಎಂದುಕೊಂಡಳು. ಹತ್ತು ದಿನದ ಮೇಲೆ ಬೋಟು ಬಂತು. ವಿಶಾಲ ಈ ಸಲ ಬರಲೇ ಇಲ್ಲವಲ್ಲ ಎಂದರು ಬೋಟಿನವರು.

ಪೊಲೀಸರಿಗೆ ದೂರು ಬರೆದುಕೊಟ್ಟವಳು ನಾನೇ. ನಾನು ಶಾಲೆಯ ಟೀಚರು, ನನ್ನ ಅಕ್ಷರ ಚೆಂದ. ಎತ್ತರ ಬರೆದೆ, ಬಣ್ಣ ಬರೆದೆ. ಹೋಗುವಾಗ ಏನು ತೊಟ್ಟಿದ್ದ ಎಂದು ಕೇಳಿದೆ.

“ಕ್ರಿಕೆಟ್ ಟೂರ್ನಮೆಂಟಿಗೆ ಕೊಟ್ಟಿದ್ರಲ್ಲ ಅತ್ಗೆ, ಕಿತ್ತಳೆ ಜರ್ಸಿ” ಎಂದಳು.

ನನ್ನ ಪೆನ್ನು ಅಲ್ಲೇ ನಿಂತಿತು. ಕಿತ್ತಳೆ ಎಂಬ ಮೂರು ಅಕ್ಷರ ಬರೆಯಲು ಎಷ್ಟು ಹೊತ್ತು ಹಿಡಿಯಿತೋ ತಿಳಿಯದು. ಅದರ ಕೆಳಗೆ ಸುಚಿತಾ ಸಹಿ ಹಾಕಿದಳು.

ಮನೆಗೆ ಬಂದು ದಿನಕರನಿಗೆ ಹೇಳಿದೆ. ಅವನು ಬಿಳಿಚಿಕೊಂಡ. ಆಮೇಲೆ ವಾದಕ್ಕೆ ನಿಂತ. ಆ ಜರ್ಸಿ ಮೂವತ್ತು ಜನರ ಹತ್ತಿರ ಇದೆ ಎಂದ. ನನ್ನ ತಂಗಿಯ ಗಂಡನನ್ನೇ ನಾನು ಗುರುತು ಹಿಡಿಯುತ್ತಿರಲಿಲ್ಲವೇ ಎಂದ. ಕಾರ್ಡು ಖಾಲಿಯಾಗಿದೆ, ಇನ್ನು ತೋರಿಸಲಿಕ್ಕೆ ಎಂತದೂ ಇಲ್ಲ ಎಂದ. ಕೊನೆಗೆ, ಅಳಿಸಲಿಕ್ಕೆ ಹೇಳಿದವಳು ನೀನಲ್ಲವೇ ಎಂದ. ಆ ಮಾತಿಗೆ ನನ್ನ ಬಾಯಿ ಕಟ್ಟಿತು. ನಾಲ್ಕು ತಿಂಗಳು ಕಟ್ಟಿಯೇ ಇತ್ತು.

ಆ ನಾಲ್ಕು ತಿಂಗಳಲ್ಲಿ ಊರು ತನ್ನ ಕೆಲಸ ಮಾಡಿತು. ವಿಶಾಲ ಗೋವಾದಲ್ಲಿ ಯಾರನ್ನೋ ಕಟ್ಟಿಕೊಂಡಿದ್ದಾನೆ ಎಂದು ಸುದ್ದಿ ಹುಟ್ಟಿತು. ಆ ಶನಿವಾರ ಮುಳುಗಿದ ದೋಣಿಯಲ್ಲಿ ಇದ್ದನೋ ಏನೋ ಎಂದು ಒಬ್ಬಿಬ್ಬರು ಅಂದಾಗ, ಛೆ, ದಿನಕರನ ಫೋಟೋದಲ್ಲಿ ನಾಲ್ಕೇ ಜನ ಎಂದು ಉಳಿದವರು ಬಾಯಿ ಮುಚ್ಚಿಸಿದರು. ಸುಚಿತಾ ನಮ್ಮ ಮನೆಗೇ ಬಂದು ಇದ್ದಳು. ನನ್ನ ಅತ್ತೆ, ಅವಳ ಹೆತ್ತ ತಾಯಿಯೇ, ನಿನ್ನ ಬಾಯಿಗೆ ಹೆದರಿ ಓಡಿಹೋದ ಎಂದು ಅವಳನ್ನು ಚುಚ್ಚುತ್ತಿದ್ದರು. ಅವಳು ನಂಬರು ರದ್ದಾಗಬಾರದು ಎಂದು ತಿಂಗಳು ತಿಂಗಳು ಅವನ ಫೋನಿಗೆ ರೀಚಾರ್ಜ್ ಮಾಡಿಸುತ್ತಿದ್ದಳು. ಹಣೆಯ ಕುಂಕುಮ ಮೊದಲಿಗಿಂತ ದೊಡ್ಡದಾಗಿತ್ತು.

ಎರಡು ಸಲ ಗೋವಾಕ್ಕೆ ಹೋಗಿಬಂದಳು. ಬಂದರಿನಿಂದ ಬಂದರಿಗೆ ನಡೆದು, ಮೊಬೈಲಿನಲ್ಲಿ ಗಂಡನ ಫೋಟೋ ತೋರಿಸಿ ಕೇಳಿದಳಂತೆ. ಅದೂ ಯಾರದೋ ಮದುವೆಯಲ್ಲಿ ತೆಗೆದದ್ದು, ಮುಖ ಅರ್ಧ ಮಸುಕು. ಮನೆಯಲ್ಲೇ ಫೋಟೋಗ್ರಾಫರ್ ಇದ್ದೂ ಒಂದು ಸರಿಯಾದ ಫೋಟೋ ಇಲ್ಲವೇ ಎಂದು ಅಲ್ಲಿ ಯಾರೋ ಕೇಳಿದ್ದನ್ನು ಅವಳು ನಗುತ್ತ ಹೇಳಿದಳು. ಜನವರಿಯಲ್ಲಿ ‘ನಾಲ್ವರು’ ಚಿತ್ರಕ್ಕೆ ಬಹುಮಾನ ಬಂತು. ಸುಚಿತಾ ಅಣ್ಣನಿಗೆ ಪಾಯಸ ಮಾಡಿಕೊಟ್ಟಳು. ಆ ಪಾಯಸ ದಿನಕರನ ಗಂಟಲಲ್ಲಿ ಇಳಿದದ್ದನ್ನು ನಾನು ನೋಡಿದೆ. ನನ್ನ ಗಂಟಲಲ್ಲೂ ಇಳಿಯಿತು.

ಮಾರನೇ ವಾರ ಅವಳು ಮೂರನೆಯ ಸಲ ಗೋವಾಕ್ಕೆ ಬಟ್ಟೆ ಮಡಚುತ್ತಿದ್ದಳು. ಚೀಲದಲ್ಲಿ ವಿಶಾಲನ ಎರಡು ಅಂಗಿ ಇಟ್ಟಳು. ಸಿಕ್ಕಿದರೆ ಹಾಕಿಕೊಳ್ಳಲಿಕ್ಕೆ ಬೇಕಲ್ಲ ಅತ್ಗೆ ಎಂದಳು. ನನ್ನಿಂದ ಇನ್ನು ಆಗಲಿಲ್ಲ.

ದಿನಕರ ಅಕ್ಟೋಬರಿನಲ್ಲಿ ಹೊಸ ಮೆಮೊರಿ ಕಾರ್ಡು ಕೊಂಡಿದ್ದ. ಹಳೆಯದು ಕಪಾಟಿನ ಡ್ರಾಯರಿನಲ್ಲಿತ್ತು. ಶಾಲೆಗೆ ರಜೆ ಹಾಕಿ ಅದನ್ನು ಪರ್ಸಿನಲ್ಲಿಟ್ಟುಕೊಂಡು ಕುಮಟಾದ ಬಸ್ಸು ಹತ್ತಿದೆ. ಅಲ್ಲಿ ಹರಿಹರ ಎಂಬವರ ಸ್ಟುಡಿಯೋ ಇದೆ. ಅಳಿಸಿದ್ದು ಮತ್ತೆ ಸಿಗುತ್ತದೆಯೇ ಎಂದು ಕೇಳಿದೆ. ಆಮೇಲೆ ಅದರಲ್ಲಿ ಬಹಳ ಚಿತ್ರ ತೆಗೆದಿರದಿದ್ದರೆ ಕೆಲವು ಸಿಗುತ್ತವೆ, ದಿನಕರನಿಗೂ ಗೊತ್ತಿರುವ ವಿಷಯವಲ್ಲವೇ ಎಂದರು ಅವರು. ಗೊತ್ತಿರುವ ವಿಷಯ. ನಾಲ್ಕು ತಿಂಗಳು ಅವನು ಅದೇ ಡ್ರಾಯರು ಎಳೆದು ಬ್ಯಾಟರಿ ತೆಗೆದುಕೊಳ್ಳುತ್ತಿದ್ದ.

ಎರಡು ತಾಸು ಕಾದೆ. ಆ ಬೆಳಗಿನ ಹನ್ನೊಂದು ಚಿತ್ರಗಳು ಸಿಕ್ಕವು. ಆರನೆಯದನ್ನು ದೊಡ್ಡದು ಮಾಡಿ ಎಂದು ನಾನೇ ಹೇಳಿದೆ. ಆಮೇಲೆ ಅಲ್ಲಿಯೇ ಸ್ಟೂಲಿನ ಮೇಲೆ ಕೂತುಬಿಟ್ಟೆ.

ಮನೆಗೆ ಬಂದಾಗ ಸಂಜೆ. ದಿನಕರ ಕಾಲೇಜಿನಿಂದ ಬಂದು ಚಾ ಕುಡಿಯುತ್ತಿದ್ದ. ಪೆನ್‌ಡ್ರೈವನ್ನು ಅವನ ಮುಂದಿಟ್ಟು, ನೀನು ಹೇಳುತ್ತೀಯೋ ನಾನು ಹೇಳಲೋ ಎಂದು ಕೇಳಿದೆ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಅವನಿಗೆ ನೀನು ಎಂದೆ. ಅವನು ಲ್ಯಾಪ್‌ಟಾಪ್ ತೆರೆದ. ಆರನೆಯ ಚಿತ್ರದವರೆಗೆ ಹೋಗಿ ನಿಲ್ಲಿಸಿದ.

ಸುಚಿತಾಳನ್ನು ಅವನೇ ಕರೆದ. ಎಲ್ಲವನ್ನೂ ಹೇಳಿದ, ಕಿತ್ತಳೆ ಅಂಗಿಯ ಬಗ್ಗೆ ನಾನಾಡಿದ ಮಾತೊಂದನ್ನು ಬಿಟ್ಟು. ಅದನ್ನು ನಾನು ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಸುಚಿತಾ ಪರದೆಗೆ ಮುಖ ಹತ್ತಿರ ತಂದು ನೋಡಿದಳು. ದೋಣಿಯ ಹಿಂಭಾಗದಲ್ಲಿ ಕಿತ್ತಳೆ ಜರ್ಸಿಯ ವಿಶಾಲ ದಡದ ಕಡೆ ತಿರುಗಿದ್ದ. ಒಂದು ಕೈ ಮೇಲೆತ್ತಿದ್ದ. ನಗುತ್ತಿದ್ದ. ದಡದಲ್ಲಿದ್ದ ಭಾವನ ಗುರುತು ಅವನಿಗೆ ಸಿಕ್ಕಿತ್ತು. ಕ್ಯಾಮೆರಾ ನೋಡಿದ್ದಾನೆ ಎಂದು ದಿನಕರ ಆ ಚಿತ್ರವನ್ನು, ಯಾರೆಂದು ದೊಡ್ಡದು ಮಾಡಿ ನೋಡದೆಯೇ ಮೊದಲು ಅಳಿಸಿದ್ದ.

ಅವಳು ಅಳುತ್ತಾಳೆ, ಬೈಯುತ್ತಾಳೆ ಎಂದು ಕಾದೆವು. ಅವಳು ಅಣ್ಣನ ಕಡೆ ತಿರುಗಿ ಕೇಳಿದಳು.

“ಅಣ್ಣ, ನಾಲ್ಕು ಹೆಣ ಸಿಕ್ಕಿದ್ ಮೇಲೆ ಹುಡುಕೂದು ನಿಲ್ಸಿದ್ರಲ್ಲ. ಆಗ ಇಂವ ನೀರಲ್ಲೇ ಇದ್ದ ಅಲ್ದಾ?”



ಅವಳು ಒಳಗೆ ಹೋಗಿ ಮುಖ ತೊಳೆದು ಬಂದಳು. ಕುಂಕುಮ ಹೊಸದಾಗಿ ಇಟ್ಟಿದ್ದಳು, ಮುಡಿಗೆ ಅಬ್ಬಲಿಗೆ ಹೂವಿತ್ತು, ಬಳೆಗಳನ್ನು ಮುಂಗೈಗೆ ಸರಿಸಿಕೊಂಡಿದ್ದಳು. ಅಂಗಳದ ಬೆಳಕಿನಲ್ಲಿ ಕುರ್ಚಿ ಹಾಕಿ ಕೂತಳು. ಅತ್ತೆ ಏನೋ ಹೇಳಹೋಗಿ ಬಾಯಿಗೆ ಸೆರಗು ಒತ್ತಿಕೊಂಡರು.

“ಕ್ಯಾಮೆರಾ ತಕಂಡು ಬಾ ಅಣ್ಣ. ನಾಳೆ ಇದೆಲ್ಲ ತೆಗೂದೇ ಆತಲ್ಲ. ಅದ್ಕೂ ಮೊದ್ಲು ಒಂದು ಫೋಟೋ ಬೇಕು ನಂಗೆ.”

ದಿನಕರ ಕ್ಯಾಮೆರಾ ತಂದ. ಕಣ್ಣಿಗೆ ಹಿಡಿದ, ಇಳಿಸಿದ, ಮತ್ತೆ ಹಿಡಿದ. ಸುಚಿತಾ ಅತ್ತಿತ್ತ ಅಲುಗಲಿಲ್ಲ. ನೇರವಾಗಿ ಲೆನ್ಸನ್ನೇ ನೋಡುತ್ತಿದ್ದಳು.

“ನಾ ನಿನ್ನನ್ನೇ ನೋಡ್ತಾ ಇದ್ದೇನೆ” ಎಂದಳು. “ಇದ್ರಲ್ಲಿ ಎಂತದೂ ಅಳಿಸ್ಬೇಡ.”