ಧರ್ಮಪಾಲನ ಹದಿನಾಲ್ಕು ಓಟು

ಬಿಳಿ ಅಂಗಿಯ ಎಡತೋಳಿಗೆ ಚಂದ್ರಮತಿ ಇಸ್ತ್ರಿ ಒತ್ತುತ್ತಿದ್ದಾಗ ಕೀರ್ತನ್ ಬೂಟು ಕಳಚದೆಯೇ ಒಳಗೆ ಬಂದ. ಗಂಡ ಧರ್ಮಪಾಲ ತೀರಿಕೊಂಡು ಅಂದಿಗೆ ಮೂರನೆಯ ದಿನ. ದೇಹ ಇನ್ನೂ ಶವಾಗಾರದಲ್ಲಿತ್ತು. ಮಧ್ಯಾಹ್ನ ಎರಡೂವರೆಗೆ ಜೆಬೆಲ್ ಅಲಿಯ ಚಿತಾಗಾರದಲ್ಲಿ ಸಮಯ ಸಿಕ್ಕಿತ್ತು. ಉಡಿಸಲು ಒಂದು ಅಂಗಿ, ಒಂದು ಪಂಚೆ ಬೇಕು ಎಂದಿದ್ದರು. ಆ ಒಂದು ಅಂಗಿಗೆ ಅವಳು ಅರ್ಧ ಗಂಟೆಯಿಂದ ಇಸ್ತ್ರಿ ಹಾಕುತ್ತಲೇ ಇದ್ದಳು.

"ಅಕ್ಕಾ, ಒಂದು ಸಂಗತಿ ಹೇಳ್ಲಿಕ್ಕುಂಟು," ಎಂದ ಕೀರ್ತನ್. "ಎಮ್ಮೆಲ್ಲೆ ಬರ್ತಾರೆ."

"ಯಾರು?"

"ನಮ್ಮ ಊರಿನ ಎಮ್ಮೆಲ್ಲೆ ಅಕ್ಕ! ನಾಳೆ ಸಂಘದ ಫಂಕ್ಷನಿಗೆ ಅಂತ ನಿನ್ನೆಯೇ ದುಬೈಗೆ ಬಂದಿದ್ದಾರೆ. ಧರ್ಮಣ್ಣನ ಸುದ್ದಿ ಹೇಳಿದೆ. ಪಾಪ, ಮುಖ ಇಷ್ಟು ಸಣ್ಣ ಆಯ್ತು. ಒಂದು ಹಾರ ಹಾಕಿ ಎರಡು ಮಾತು ಹೇಳಿ ಹೋಗ್ತಾರಂತೆ. ಐದೇ ನಿಮಿಷ."

ಸೋಫಾದ ಮೇಲೆ ಮರಣಪತ್ರ, ಪೊಲೀಸರ ಕಾಗದ, ಕಾನ್ಸುಲೇಟಿನ ಕಾಗದ ಎಲ್ಲ ಹರಡಿಕೊಂಡು ಕೂತಿದ್ದ ಪಾಯ್ಸ್ ತಲೆ ಎತ್ತಿದ. ಅವನದ್ದು ಬರ್ ದುಬೈಯಲ್ಲಿ ಸರಕಾರಿ ಅರ್ಜಿ ತುಂಬಿಸಿ ಕೊಡುವ ಟೈಪಿಂಗ್ ಸೆಂಟರು. ಇಪ್ಪತ್ತೆಂಟು ವರ್ಷದಿಂದ ಧರ್ಮಪಾಲನ ಗೆಳೆಯ, ಅಷ್ಟೂ ವರ್ಷ ಎದುರು ಪಕ್ಷ.

"ಯಾರು, ಆ ಪಕ್ಷಾಂತರಿಯಾ? ಫೋಟೋ ತೆಗೆಸ್ಲಿಕ್ಕೆ ಅವನಿಗೆ ಬೇರೆ ಜಾಗ ಸಿಗಲಿಲ್ವಾ ಮಾರಾಯ?"

"ಪಾಯ್ಸ್ ಅಂಕಲ್, ಸಾವಿನ ಮನೆಯಲ್ಲಿ ರಾಜಕೀಯ ಬೇಡ."

"ರಾಜಕೀಯ ತಂದದ್ದು ನೀನು. ನಾನು ಝೆರಾಕ್ಸ್ ತಂದಿದ್ದೇನೆ ಅಷ್ಟೆ."

ಕೀರ್ತನ್ ಅವನ ಕಡೆ ನೋಡಲಿಲ್ಲ. ಸ್ವರ ತಗ್ಗಿಸಿ ಚಂದ್ರಮತಿಗೆ ಹೇಳಿದ: "ನಿಮ್ಮ ವೀಸಾದ ವಿಷಯ ನನ್ನ ತಲೆಯಲ್ಲುಂಟು ಅಕ್ಕ. ಅಮಿತಾಳ ಸ್ಯಾಲರಿ ಲೆಟರ್ ನಾನೇ ನಿಂತು ಮಾಡಿಸ್ತೇನೆ. ನೀವೆಂತ ಮಂಡೆಬಿಸಿ ಮಾಡ್ಕೊಳ್ಬೇಡಿ."

ಉಪಕಾರದ ಮಾತೇ ಸರಿ, ಆದರೆ ಅದರೊಳಗೊಂದು ಮುಳ್ಳು ಇದ್ದದ್ದು ಅಲ್ಲಿದ್ದ ಎಲ್ಲರಿಗೂ ಚುಚ್ಚಿತು. ಚಂದ್ರಮತಿ ಈ ದೇಶದಲ್ಲಿದ್ದದ್ದು ಗಂಡನ ವೀಸಾದ ಮೇಲೆ. ಗಂಡನೇ ಹೋದ ಮೇಲೆ ಅವಳು ಮಗಳ ವೀಸಾಕ್ಕೆ ಬರಬೇಕು, ಇಲ್ಲವೇ ಊರಿನ ವಿಮಾನ ಹತ್ತಬೇಕು. ಅದಕ್ಕೆ ಬೇಕಾದ ಸಂಬಳದ ಪತ್ರ ಕೊಡಬೇಕಾದದ್ದು ಮಗಳ ಕಂಪೆನಿ; ಅಮಿತಾ ಲೆಕ್ಕಪತ್ರ ನೋಡುವುದು ಇದೇ ಕೀರ್ತನ್‌ನ ಕಂಪೆನಿಯಲ್ಲಿ. ಇಲ್ಲಿನ ಊರವರ ಸಂಘದ ಕಾರ್ಯದರ್ಶಿಯೂ ಅವನೇ, ನಾಳೆ ಎಮ್ಮೆಲ್ಲೆಗೆ ಪೇಟ ತೊಡಿಸುವವನೂ ಅವನೇ.

ಅವನು ಹೋದ ಮೇಲೆ ಅಮಿತಾ ಮೆಲ್ಲಗೆ ಅಂದಳು, "ಫೈವ್ ಮಿನಿಟ್ಸ್ ಅಮ್ಮ. ಜಸ್ಟ್ ಲೆಟ್ ಹಿಮ್. ಪಪ್ಪನಿಗೆ ಈಗ ಎಂತ ಗೊತ್ತಾಗ್ತದೆ?"

"ನೋಡುವ," ಎಂದಳು ಚಂದ್ರಮತಿ. ಇಸ್ತ್ರಿ ಮುಗಿದ ತೋಳಿಗೇ ಮತ್ತೆ ಇಸ್ತ್ರಿ ಒತ್ತಿದಳು. ಆ ಮನುಷ್ಯನ ಎದುರು, ಅದೂ ಗಂಡನ ಹೆಣದ ಪಕ್ಕ ನಿಲ್ಲುವುದು ಅವಳಿಗೆ ಬೇಡವಾಗಿತ್ತು. ಯಾಕೆಂದು ಪಾಯ್ಸ್‌ಗೂ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

*

ಧರ್ಮಪಾಲ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್ ಆಗಿದ್ದ. ಬೋಲ್ಟು, ನಟ್ಟು, ಪೈಪಿನ ಬೆಂಡು ಎಣಿಸಿ ಕೊಡುವ ಕೆಲಸ. ಕೆಟ್ಟ ಮಾಲು ಹೊರಗೆ ಹೋಗಿದೆ ಎಂದು ಗೊತ್ತಾದರೆ ಗಿರಾಕಿಯ ಫೋನಿಗೆ ಕಾಯುವವನಲ್ಲ, ತಾನೇ ಫೋನು ಮಾಡಿ ಹೇಳುವವನು. ಮ್ಯಾನೇಜರು ಎಷ್ಟು ಬೈದರೂ ಈ ಬುದ್ಧಿ ಬಿಡಲಿಲ್ಲ.

ಇದೊಂದು ಹುಚ್ಚು ಸಾಲದೆಂದು ಚುನಾವಣೆಯ ಹುಚ್ಚು ಬೇರೆ. ಓಟು ಬಂತೆಂದರೆ ರಜೆ ಹಾಕಿ ಊರಿಗೆ ಹೊರಟೇ ಬಿಡುತ್ತಿದ್ದ. ಒಮ್ಮೆಯಂತೂ ಅಲ್ ಕೂಜ್‌ನ ಕಾರ್ಮಿಕರ ಕ್ಯಾಂಪು, ಪಾರ್ಕಿನ ಫ್ಯಾಕ್ಟರಿ ಎಲ್ಲ ಸುತ್ತಿ, ಊರಿನವರ ಕಾಲಿಗೆ ಬೀಳುವುದೊಂದು ಬಾಕಿ ಇಟ್ಟು, ಹದಿನಾಲ್ಕು ಜನರನ್ನು ತನ್ನ ಜೊತೆ ವಿಮಾನ ಹತ್ತಿಸಿದ. ಆಗಿನ್ನೂ ಹೊಸ ಅಭ್ಯರ್ಥಿಯಾಗಿದ್ದ ಈ ಎಮ್ಮೆಲ್ಲೆಯ ಬಗ್ಗೆ, "ಹುಡುಗ ಒಳ್ಳೆಯವ, ನಾನು ಗ್ಯಾರಂಟಿ," ಎಂದಿದ್ದ. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಚಂದ್ರಮತಿ ಗೊಣಗಿದಳು. ಆ ವರ್ಷ ಮಗಳ ಶಾಲೆಯ ಬೀಳ್ಕೊಡುಗೆಗೆ ಅಪ್ಪ ಇರಲಿಲ್ಲ. ಆ ಒಳ್ಳೆಯ ಹುಡುಗ ಇನ್ನೂರ ಹನ್ನೆರಡು ಓಟಿನಿಂದ ಗೆದ್ದ.

ಗೆದ್ದ ಎರಡನೆಯ ವರ್ಷಕ್ಕೆ ಹುಡುಗ ಪಕ್ಷ ಬಿಟ್ಟ. ಪರರಾಜ್ಯದ ರೆಸಾರ್ಟಿನ ಈಜುಕೊಳದ ಬಳಿ ಬರ್ಮುಡಾ ತೊಟ್ಟು ನಗುತ್ತಿದ್ದ ಅವನ ಚಿತ್ರ ಎಲ್ಲರ ಮೊಬೈಲಿಗೂ ಬಂತು. ಸರಕಾರ ಬಿತ್ತು. ಧರ್ಮಪಾಲ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೆಯ ದಿನ ಶುಕ್ರವಾರ. ಆಗಿನ್ನೂ ಇಲ್ಲಿ ಶುಕ್ರವಾರವೇ ರಜೆ. ಬೆಳಿಗ್ಗೆ ಎದ್ದವನೇ ಬಸ್ಸು ಹಿಡಿದು ಹೊರಟ.

"ಎಲ್ಲಿಗೆ ಈ ಬಿಸಿಲಿಗೆ?"

"ಹೇಳಿ ಬರ್ಬೇಕು ಚಂದ್ರಾ. ನಾನು ಕೊಡಿಸಿದ ಮಾಲು, ಕೆಟ್ಟಿದೆ."

ಐದು ಶುಕ್ರವಾರ ಬೇಕಾಯಿತು. ಹದಿನಾಲ್ಕು ಜನರ ಕೋಣೆಗೂ ಹೋಗಿ, ಒಬ್ಬೊಬ್ಬರ ಎದುರೂ ಕೂತು, "ನಿಮ್ಮ ಓಟು ಹಾಳು ಮಾಡಿದ್ದು ನಾನು, ತಪ್ಪಾಯ್ತು," ಎಂದು ಹೇಳಿ ಬಂದ. ಕೆಲವರು ನಕ್ಕರು. ಒಬ್ಬ ಬೈದ. ಬಡಗಿ ಕೆಲಸದ ಅಬ್ದುಲ್ ಸಲಾಂ ಮಾತ್ರ ಚಹಾ ಮಾಡಿ ಕೊಟ್ಟು, "ಕದ್ದವನು ಎಲ್ಲೋ ಮಜಾ ಮಾಡ್ತಾನೆ, ನೀವು ಯಾಕೆ ಧರ್ಮಣ್ಣ ಮನೆಮನೆಗೆ ಹೋಗಿ ಕೈ ಮುಗಿಯೋದು?" ಎಂದು ಬಸ್ ಸ್ಟಾಪಿನವರೆಗೆ ಬಂದನಂತೆ.

ಮತ್ತೆ ಕೋರ್ಟು. ಸಭಾಧ್ಯಕ್ಷರು ಅನರ್ಹ ಮಾಡಿದರು, ಹುಡುಗ ಮೇಲಿನ ಕೋರ್ಟಿಗೆ ಹೋದ. ಅನರ್ಹ ಮಾಡಿದ್ದು ಸರಿ, ಆದರೆ ಮತ್ತೆ ನಿಲ್ಲಬಹುದು ಎಂದು ಕೋರ್ಟು ಹೇಳಿತು. ಧರ್ಮಪಾಲ ಆ ತೀರ್ಪನ್ನೆಲ್ಲ ಮುದ್ರಿಸಿ ತಂದು, ಅರ್ಥವಾಗದ ಇಂಗ್ಲಿಷಿಗೆ ಮಗಳನ್ನು ಕೂರಿಸಿಕೊಂಡು ಓದಿದ. ಊರಿನ ವಕೀಲರಿಗೆ ಫೋನು ಮಾಡಿ, "ಓಟು ಹಾಕಿದವರೇ ಇವನನ್ನು ವಾಪಸ್ ಕರೀಲಿಕ್ಕೆ ಕಾನೂನು ಇಲ್ವಾ?" ಎಂದು ಕೇಳಿದ. ಪಂಚಾಯತಿ ಅಧ್ಯಕ್ಷರನ್ನಾದರೆ ಮೆಂಬರುಗಳು ಅವಿಶ್ವಾಸ ತಂದು ಇಳಿಸಬಹುದು, ಎಮ್ಮೆಲ್ಲೆಯನ್ನು ಮತದಾರ ಇಳಿಸುವಂತಿಲ್ಲ, ಐದು ವರ್ಷ ತಡ್ಕೊಳ್ಳಿ ಎಂದರು ವಕೀಲರು. "ಒಂದು ಕೆಟ್ಟ ವಾಲ್ವ್ ವಾಪಸ್ ತಗೊಳ್ಳಿಕ್ಕೂ ಫಾರ್ಮ್ ಉಂಟು ಮಾರಾಯ!" ಎಂದು ಧರ್ಮಪಾಲ ಪಾಯ್ಸ್‌ನ ಎದುರು ಕೂಗಾಡಿದ.

ಉಪಚುನಾವಣೆ ಬಂತು. ಅದೇ ಹುಡುಗ, ಬೇರೆ ಬಣ್ಣದ ಶಾಲು.

*

ಆ ಹೊತ್ತಿಗೆ ಚಂದ್ರಮತಿ ಊರಿನಲ್ಲೇ ಇದ್ದಳು. ತಾಯಿಗೆ ಉಸಿರು ಕಟ್ಟಿ ನಗರದ ಆಸ್ಪತ್ರೆಗೆ ತಂದರೆ ಐಸಿಯುನಲ್ಲಿ ಬೆಡ್ ಇಲ್ಲ. ಧರ್ಮಪಾಲ ದುಬೈಯಿಂದ ಗುರುತಿನವರಿಗೆಲ್ಲ ಫೋನು ಮಾಡಿ ಮಾಡಿ ಸೋತ. ಯಾರನ್ನೋ ನೋಡಲು ಅಲ್ಲಿಗೆ ಬಂದಿದ್ದ ಅದೇ ಹುಡುಗ, ಹೊರಗೆ ಸ್ಟ್ರೆಚರಿನ ಪಕ್ಕ ನಿಂತು ಅಳುತ್ತಿದ್ದ ಅವಳನ್ನು ಕಂಡ. ಯಾರ ಮನೆ, ಏನು ಎಂದು ಕೇಳಿದ. ಒಂದು ಫೋನು ಮಾಡಿದ. ಅರ್ಧ ಗಂಟೆಯಲ್ಲಿ ಬೆಡ್ ಸಿಕ್ಕಿತು; ತಾಯಿ ಮತ್ತೆ ಒಂಬತ್ತು ತಿಂಗಳು ಬದುಕಿದಳು. ಓಟಿನ ಮಾತನ್ನು ಆತ ಎತ್ತಲೇ ಇಲ್ಲ. ಎತ್ತಿದ್ದರೆ ಇಲ್ಲ ಎನ್ನಲು ಚಂದ್ರಮತಿಗೆ ಸುಲಭವಾಗುತ್ತಿತ್ತು.

ಮತದಾನದ ಹಿಂದಿನ ದಿನ ಧರ್ಮಪಾಲ ಬಂದಿಳಿದ. ಗಂಡ ಹೆಂಡತಿ ಜೊತೆಯಾಗಿಯೇ ಬೂತಿಗೆ ಹೋದರು. ಒಳಗೆ, ಆ ರಟ್ಟಿನ ಮರೆಯಲ್ಲಿ, ಚಂದ್ರಮತಿಗೆ ತಾಯಿಯ ಮುಖವೇ ಕಂಡಿತು. ಅವನಿಗೇ ಒತ್ತಿದಳು. ಹೊರಗೆ ಬಂದಾಗ ಧರ್ಮಪಾಲ ಮಸಿ ಹಚ್ಚಿದ ಬೆರಳು ತೋರಿಸಿ, "ನಮ್ಮ ಮನೆಯದ್ದು ಎರಡು!" ಎಂದು ನಕ್ಕ. ಅವಳೂ ಬೆರಳು ತೋರಿಸಿದಳು.

ಹುಡುಗ ಇಪ್ಪತ್ತು ಸಾವಿರದಿಂದ ಗೆದ್ದ. ಟಿವಿಯ ಎದುರು ಕೂತಿದ್ದ ಧರ್ಮಪಾಲ, "ಯಾರು ಮಾರಾಯ್ತಿ ಇಷ್ಟು ಜನ? ನನಗೊಬ್ಬನೂ ಸಿಕ್ಕಿಲ್ಲವಲ್ಲ ಅವನಿಗೆ ಹಾಕಿದವ?" ಎಂದ. ಅವಳು ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಳು. ಉತ್ತರ ಕೊಡಲಿಲ್ಲ. ಆಮೇಲೆ ಆರು ವರ್ಷ ಅವಳು ಉತ್ತರ ಕೊಡಲಿಲ್ಲ.

*

ಚಿತಾಗಾರದ ಅಂಗಳದಲ್ಲಿ ಆಂಬುಲೆನ್ಸು ನಿಂತಾಗ ಹನ್ನೊಂದು ಗಂಡಸರು ಒಟ್ಟಿಗೆ ಮುಂದೆ ಬಂದರು. ಓಟಿನ ಆ ಹದಿನಾಲ್ಕು ಜನರಲ್ಲಿ ಮೂವರು ಕೆಲಸ ಮುಗಿಸಿ ಊರು ಸೇರಿದ್ದರು. ಉಳಿದವರು ಅರ್ಧ ದಿನದ ರಜೆ ಕೇಳಿ, ಕಂಪೆನಿಯ ಅಂಗಿಯಲ್ಲೇ ಬಂದಿದ್ದರು. ಅಬ್ದುಲ್ ಸಲಾಂನ ತಲೆಗೂದಲಲ್ಲಿ ಇನ್ನೂ ಮರದ ಹುಡಿ ಇತ್ತು. ಪೆಟ್ಟಿಗೆಯನ್ನು ಇಳಿಸಿ ನೆರಳಿನ ಕಟ್ಟೆಯ ಮೇಲೆ ಇಟ್ಟರು. ಮುಚ್ಚಳ ತೆಗೆದಾಗ ಇಸ್ತ್ರಿಯ ಗೆರೆ ಮುರಿಯದ ಅಂಗಿಯಲ್ಲಿ ಧರ್ಮಪಾಲ ಯಾವುದೋ ಮೀಟಿಂಗಿಗೆ ಹೊರಟವನಂತೆ ಕಂಡ.

ಎಮ್ಮೆಲ್ಲೆ ಹೇಳಿದ ಹೊತ್ತಿಗೇ ಬಂದ. ಎರಡು ಕಾರು, ಇಬ್ಬರು ಕ್ಯಾಮೆರಾದವರು, ಒಂದು ಆಳೆತ್ತರದ ಹಾರ. ಅದರ ಕೆಳಗಿನ ರಿಬ್ಬನ್ನಿನಲ್ಲಿ ಅವನ ಹೆಸರು, ಸತ್ತವನದ್ದಲ್ಲ. ನೇರ ಚಂದ್ರಮತಿಯ ಬಳಿ ಬಂದು ಕೈ ಮುಗಿದ.

"ದೊಡ್ಡ ನಷ್ಟ ಅಕ್ಕ. ಧರ್ಮಣ್ಣನಂಥ ನಿಷ್ಠಾವಂತ ಕಾರ್ಯಕರ್ತ ನಮ್ಮ ಪಕ್ಷಕ್ಕೆ ಇನ್ನು ಸಿಗ್ಲಿಕ್ಕಿಲ್ಲ."

"ನಿಮ್ಮ ಪಕ್ಷಕ್ಕಾ?" ಎಂದ ಪಾಯ್ಸ್ ಹಿಂದಿನಿಂದ. "ಯಾವುದು, ಮೊದಲಿನದ್ದಾ, ಈಗಿನದ್ದಾ, ನಾಳೆಯದ್ದಾ?"

"ಅಂಕಲ್, ಪ್ಲೀಸ್," ಎಂದು ಕೀರ್ತನ್ ಅವನ ತೋಳು ಹಿಡಿದ. ಹಾರ ಹಿಡಿದ ಇಬ್ಬರು ಪೆಟ್ಟಿಗೆಯ ತಲೆಭಾಗಕ್ಕೆ ಬಂದರು. ಕ್ಯಾಮೆರಾದವನು, "ಅಕ್ಕ, ಸ್ವಲ್ಪ ಈಚೆ ಬನ್ನಿ, ನೀವೂ ಬರ್ಬೇಕು ಫ್ರೇಮಿಗೆ," ಎಂದ.

ಚಂದ್ರಮತಿ ಬಂದಳು. ಪೆಟ್ಟಿಗೆಗೂ ಹಾರಕ್ಕೂ ನಡುವೆ ಬಂದು ನಿಂತಳು.

"ಇವರಿಗೆ ಹಾಕ್ಬೇಡಿ," ಎಂದಳು.

"ಅಕ್ಕಾ..." ಕೀರ್ತನ್ ಹತ್ತಿರ ಬಂದ. "ಅಕ್ಕ, ಆಲೋಚನೆ ಮಾಡಿ ಮಾತಾಡಿ. ನಾಳೆ ನಿಮಗೆ ಬೇಕಾದೀತು."

"ಬೇಕಾದೀತು, ಗೊತ್ತುಂಟು." ಅವಳು ಎಮ್ಮೆಲ್ಲೆಯತ್ತ ತಿರುಗಿದಳು. "ನನ್ನ ಅಮ್ಮನಿಗೆ ಬೆಡ್ ಕೊಡಿಸಿದ್ರಿ. ಅದು ನಾನು ಸಾಯುವವರೆಗೂ ಮರೀಲಿಕ್ಕಿಲ್ಲ. ಆ ಉಪಚುನಾವಣೆಯಲ್ಲಿ ನಿಮಗೆ ಓಟು ಹಾಕಿದ್ದು ನಾನು. ಇವರಲ್ಲ. ಇವರು ನಿಮ್ಮನ್ನು ಸೋಲಿಸ್ಲಿಕ್ಕೆ ಅಂತ ಇಲ್ಲಿಂದ ರಜೆ ಹಾಕಿ ಬಂದವರು. ಇವರಿಗೆ ತಿಳಿಸದೆ ನಾನು ನಿಮಗೆ ಒತ್ತಿದೆ. ಹಾರ ಹಾಕ್ಲೇಬೇಕು ಅಂತಿದ್ರೆ ನನಗೆ ಹಾಕಿ."

ಪಾಯ್ಸ್‌ನ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಎಮ್ಮೆಲ್ಲೆ ಒಮ್ಮೆ ಅವಳನ್ನು, ಒಮ್ಮೆ ಸಾಲಾಗಿ ನಿಂತ ಹನ್ನೊಂದು ಜನರನ್ನು ನೋಡಿದ. ನೂರಾರು ಸಭೆ ಕಂಡವನು. ಕೈಸನ್ನೆಯಲ್ಲೇ ಕ್ಯಾಮೆರಾ ಇಳಿಸಲು ಹೇಳಿದ. ಧರ್ಮಪಾಲನ ಕಡೆ ಬರಿಗೈ ಮುಗಿದು ಕಾರಿನತ್ತ ನಡೆದ. ಅಷ್ಟರ ಮಟ್ಟಿಗೆ ಮನುಷ್ಯನೇ.

"ಅಮಿತಾ, ನಾಳೆ ಆಫೀಸಿನಲ್ಲಿ ಮಾತಾಡುವ," ಎಂದು ಹೇಳಿ ಕೀರ್ತನ್ ಅವನ ಹಿಂದೆ ಓಡಿದ.

ಅಮಿತಾ ತಾಯಿಯ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಹೆದರಿಕೆ ಇತ್ತು. ಆದರೂ ಬಂದು ತಾಯಿಯ ಕೈ ಹಿಡಿದು, "ಇಟ್ಸ್ ಓಕೆ ಅಮ್ಮ. ಬೇರೆ ಕೆಲಸ ಹುಡುಕುವ," ಎಂದಳು.

ಚಂದ್ರಮತಿಗೆ ಈಗ ಅಳು ಬಂತು. ವೀಸಾಕ್ಕಲ್ಲ, ಎಮ್ಮೆಲ್ಲೆಗಲ್ಲ. ಊರಿಗೆಲ್ಲ ಕೇಳುವ ಹಾಗೆ ಹೇಳಿದ ಮಾತು ಕೇಳಬೇಕಾದವನಿಗೆ ಮಾತ್ರ ಕೇಳಲಿಲ್ಲವಲ್ಲ ಎಂದು. "ಇವರಿಗೆ ಒಂದು ಸಲ ಹೇಳಬಹುದಿತ್ತು ನಾನು. ಒಂದೇ ಒಂದು ಸಲ," ಎಂದು ಕಟ್ಟೆಯ ಅಂಚಿಗೆ ಕುಸಿದಳು.

ಅಬ್ದುಲ್ ಸಲಾಂ ಸಾಲಿನಿಂದ ಈಚೆ ಬಂದು ಅವಳೆದುರು ಕುಕ್ಕುರುಗಾಲಲ್ಲಿ ಕೂತ.

"ಚಂದ್ರಕ್ಕ, ನಾನೂ ಅವನಿಗೇ ಹಾಕಿದ್ದು ಆ ಸಲ."

ಅವಳು ತಲೆ ಎತ್ತಿದಳು.

"ಆಗ ರಜೆಯಲ್ಲಿ ಊರಲ್ಲಿದ್ದೆ, ನನ್ನ ತಮ್ಮನನ್ನು ಪೊಲೀಸ್ ಸ್ಟೇಷನ್ನಿನಿಂದ ಬಿಡಿಸಿ ಕೊಟ್ಟಿದ್ದ. ಎಂತ ಮಾಡೋದು ಅಕ್ಕ? ಹಾಕಿದೆ. ಆಮೇಲೆ ಇಲ್ಲಿ ಬಂದು ಧರ್ಮಣ್ಣನಿಗೆ ಹೇಳಿದೆ, ಅವರು ಬಿಸಿಲಲ್ಲಿ ಬಂದು ನನ್ನ ಹತ್ರ ತಪ್ಪಾಯ್ತು ಅಂದಿದ್ದಾರಲ್ಲ, ನಾನು ಹೇಳದಿದ್ರೆ ಹೇಗೆ ಅಂತ. ಅವರು ನಕ್ಕರು ಅಕ್ಕ. 'ಬಿಡು ಸಲಾಂ, ನಮ್ಮ ಮನೆಯದ್ದೇ ಒಂದು ಅವನಿಗೆ ಹೋಗಿದೆ' ಅಂದ್ರು."

"ಎಂತ?"

"'ಯಾರು ಹಾಕಿದ್ದು ಅಂತ ಕೇಳಿದಾಗ ಅವಳು ಮೀನಿನಿಂದ ತಲೆ ಎತ್ತಲಿಲ್ಲ, ಆಗ್ಲೇ ಗೊತ್ತಾಯ್ತು. ಅತ್ತೆಗೆ ಬೆಡ್ ನನ್ನಿಂದ ಆಗ್ಲಿಲ್ಲ, ಅವನಿಂದ ಆಯ್ತು. ಅವಳು ಮತ್ತೆಂತ ಮಾಡ್ಬೇಕಿತ್ತು? ನನಗೆ ಗೊತ್ತುಂಟು ಅಂತ ಅವಳಿಗೆ ಹೇಳ್ಬೇಡ ಮಾರಾಯ, ನಿದ್ದೆ ಬಿಡ್ತಾಳೆ' ಅಂದ್ರು. ಇಷ್ಟು ವರ್ಷ ನಾನು ಹೇಳ್ಲಿಲ್ಲ."

ಚಿತಾಗಾರದ ಕೆಲಸಗಾರ ಬಂದು ಗಡಿಯಾರ ತೋರಿಸಿದ. ಚಂದ್ರಮತಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದಳು. ಎಲ್ಲರೂ ಅವಳು ಅಳುತ್ತಾಳೆ ಎಂದೇ ನಿಂತಿದ್ದರು.

"ಕಳ್ಳ!" ಎಂದಳು ಚಂದ್ರಮತಿ. ಗಂಡನ ಎದೆಗೆ ಅಂಗೈಯಿಂದ ಪಟ್ಟೆಂದು ಒಂದು ಏಟು ಕೊಟ್ಟಳು. "ಆರು ವರ್ಷ! ನನ್ನನ್ನು ಸುಮ್ಮನೆ ಸಾಯಿಸಿಬಿಟ್ರಲ್ಲ, ಕಳ್ಳ!" ಇನ್ನೊಂದು ಏಟು. ಬಿಳಿ ಅಂಗಿ ಅಷ್ಟಗಲ ಮುದುಡಿತು. ಅವಳು ನಗುತ್ತಿದ್ದಳು, ಮೂಗು ಕಣ್ಣು ಎಲ್ಲ ಸುರಿಯುತ್ತಿತ್ತು. ಪಾಯ್ಸ್ ತಡೆಯಲು ಒಂದು ಹೆಜ್ಜೆ ಇಟ್ಟವನು ಅಲ್ಲೇ ನಿಂತ. ಪೆಟ್ಟಿಗೆ ಎತ್ತಲು ಬಗ್ಗಿದ್ದ ಹನ್ನೊಂದು ಜನರು, ಅವಳು ಬೈದು ಮುಗಿಸಲಿ ಎಂದು, ಕೈಗಳನ್ನು ಮತ್ತೆ ಹಿಂದಕ್ಕೆ ತೆಗೆದುಕೊಂಡರು.